ಶೂಗೆ ಇನ್‌ಸೋಲ್: ಅಂಗಡಿಯ ರೆಡಿಮೇಡ್ ಸಾಕಾ, ಅಳತೆ ಕೊಟ್ಟು ಮಾಡಿಸಬೇಕಾ?

ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟ ಕೂಡಲೇ ಹಿಮ್ಮಡಿಯಲ್ಲಿ ಚುಚ್ಚಿದಂತಹ ನೋವು. ನಾಲ್ಕು ಹೆಜ್ಜೆ ನಡೆದರೆ ಕಡಿಮೆ, ಆಫೀಸಿನಿಂದ ಮನೆಗೆ ಬರುವಷ್ಟರಲ್ಲಿ ಮತ್ತೆ ಶುರು. ಲೋಕಲ್ ರೈಲು, ಮೆಟ್ರೋದಲ್ಲಿ ನಿಂತೇ ಓಡಾಡುವ ಅನೇಕರಿಗೆ ಇದರ ಅನುಭವ ಇದ್ದೇ ಇರುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಕೆಲವು ನೂರು ರೂಪಾಯಿಗೆ ಇನ್‌ಸೋಲ್ ಸಿಗುತ್ತದೆ. ಕ್ಲಿನಿಕ್‌ನಲ್ಲಿ ಪಾದದ ಅಚ್ಚು ತೆಗೆದು ಮಾಡಿಕೊಡುವ 'ಕಸ್ಟಮ್ ಆರ್ಥೋಟಿಕ್ಸ್'ಗೆ ಸಾವಿರಾರು ರೂಪಾಯಿ ಬೇಕು. ಯಾವುದು ಸರಿ?

ಸಾಮಾನ್ಯ ಹಿಮ್ಮಡಿ ನೋವಿಗೆ ರೆಡಿಮೇಡ್‌ನಿಂದಲೇ ಶುರು ಮಾಡಬಹುದು. ಆದರೆ ಸ್ಪರ್ಶಜ್ಞಾನ ಕಳೆದುಕೊಂಡ ಅಥವಾ ಆಕಾರ ಬದಲಾದ ಪಾದಕ್ಕೆ ಅಂಗಡಿಯ ಇನ್‌ಸೋಲ್ ಹಾಕಿಕೊಂಡು ಸುಮ್ಮನಿರುವುದು ಅಪಾಯ.

ಎರಡಕ್ಕೂ ಇರುವ ವ್ಯತ್ಯಾಸವೇನು?

ರೆಡಿಮೇಡ್ ಇನ್‌ಸೋಲ್ ಶೂ ಸೈಜ್ ಪ್ರಕಾರ ತಯಾರಾಗುತ್ತದೆ. ಜೆಲ್, ಫೋಮ್, ಸಿಲಿಕಾನ್ ಹೀಗೆ ಹಲವು ಬಗೆ. ಕೆಲವು ಬರೀ ಮೆತ್ತಗಿರುತ್ತವೆ, ಇನ್ನು ಕೆಲವು ಪಾದದ ಕಮಾನಿಗೆ ಗಟ್ಟಿ ಆಸರೆ ಕೊಡುತ್ತವೆ.

ಕಸ್ಟಮ್ ಆರ್ಥೋಟಿಕ್ಸ್‌ಗೆ ಮೊದಲು ತಜ್ಞರು ಪಾದ, ಕಣಕಾಲು, ನಡಿಗೆ ಪರೀಕ್ಷಿಸುತ್ತಾರೆ. ನಂತರ ಪ್ಲಾಸ್ಟರ್, ಫೋಮ್ ಅಥವಾ 3ಡಿ ಸ್ಕ್ಯಾನರ್ ಮೂಲಕ ಅಚ್ಚು ತೆಗೆದು, ಒತ್ತಡ ಎಲ್ಲಿ ಕಡಿಮೆ ಆಗಬೇಕೋ ಅದಕ್ಕೆ ತಕ್ಕಂತೆ ರೂಪಿಸುತ್ತಾರೆ. ಗಮನಿಸಿ, ಯಂತ್ರದ ಮೇಲೆ ನಿಲ್ಲಿಸಿ ಬಣ್ಣದ ಚಿತ್ರ ತೋರಿಸಿದ ಮಾತ್ರಕ್ಕೆ ಅದು ಕಸ್ಟಮ್ ಆಗುವುದಿಲ್ಲ. ಸ್ಕ್ಯಾನ್ ನೋಡಿ ಸಿದ್ಧ ಸೈಜ್‌ಗಳಲ್ಲಿ ಒಂದನ್ನು ಕೊಟ್ಟರೆ ಅದೂ ರೆಡಿಮೇಡ್ ಇನ್‌ಸೋಲೇ.

ಅಧ್ಯಯನಗಳು ಹೇಳುವುದೇನು?

ಹಿಮ್ಮಡಿ ನೋವಿಗೆ ಮುಖ್ಯ ಕಾರಣ ಪ್ಲಾಂಟರ್ ಫ್ಯಾಸಿಟಿಸ್. ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನಲ್ಲಿ ಹಾದುಹೋಗುವ ದಪ್ಪ ಪಟ್ಟಿಯಂತಹ ಅಂಗಾಂಶದಲ್ಲಿ ಕಾಣಿಸಿಕೊಳ್ಳುವ ತೊಂದರೆ ಇದು.

1999ರಲ್ಲಿ ಅಮೆರಿಕದಲ್ಲಿ 236 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಎಲ್ಲರಿಗೂ ಸ್ಟ್ರೆಚಿಂಗ್ ವ್ಯಾಯಾಮ ಹೇಳಿಕೊಡಲಾಗಿತ್ತು. 8 ವಾರಗಳ ನಂತರ ಸಿಲಿಕಾನ್ ಹೀಲ್ ಪ್ಯಾಡ್ ಬಳಸಿದವರಲ್ಲಿ ಶೇ. 95ರಷ್ಟು ಮಂದಿಗೆ ನೋವು ಕಡಿಮೆಯಾಗಿತ್ತು. ಕಸ್ಟಮ್ ಆರ್ಥೋಟಿಕ್ಸ್ ಬಳಸಿದವರಲ್ಲಿ ಈ ಪ್ರಮಾಣ ಶೇ. 68, ಬರೀ ವ್ಯಾಯಾಮ ಮಾಡಿದವರಲ್ಲಿ ಶೇ. 72.

2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 135 ಮಂದಿ ಇದ್ದರು. ಮೂರು ತಿಂಗಳಲ್ಲಿ ರೆಡಿಮೇಡ್ ಮತ್ತು ಕಸ್ಟಮ್ ಎರಡರಿಂದಲೂ ಹೆಚ್ಚುಕಡಿಮೆ ಒಂದೇ ರೀತಿಯ ಸಣ್ಣ ಪ್ರಯೋಜನ ಕಂಡುಬಂತು. ಒಂದು ವರ್ಷದ ಹೊತ್ತಿಗೆ, ಹೋಲಿಕೆಗಾಗಿ ತೆಳು ಫೋಮ್ ಮಾತ್ರ ಕೊಟ್ಟವರಿಗೂ ಇವರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ದುಬಾರಿಯಾದದ್ದೇ ಉತ್ತಮ ಎಂಬುದಕ್ಕೆ ಇಲ್ಲಿ ಆಧಾರವಿಲ್ಲ. ಸ್ಟ್ರೆಚಿಂಗ್‌ಗಂತೂ ಖರ್ಚೇ ಇಲ್ಲ.

ಮಕ್ಕಳ ಚಪ್ಪಟೆ ಪಾದದ ಬಗ್ಗೆಯೂ ಪೋಷಕರು ಗಾಬರಿಯಾಗುವುದುಂಟು. ಚಿಕ್ಕ ಮಕ್ಕಳಲ್ಲಿ ಪಾದ ಚಪ್ಪಟೆಯಾಗಿರುವುದು ಸಹಜ, ಬೆಳೆಯುತ್ತಾ ಕಮಾನು ಮೂಡುತ್ತದೆ. ತುದಿಗಾಲಲ್ಲಿ ನಿಂತಾಗ ಕಮಾನು ಕಾಣಿಸಿ, ನೋವೂ ಇಲ್ಲದಿದ್ದರೆ ಸಾಮಾನ್ಯವಾಗಿ ಯಾವ ಇನ್‌ಸೋಲ್ ಕೂಡ ಬೇಕಿಲ್ಲ.

ಕಸ್ಟಮ್ ಯಾರಿಗೆ ಬೇಕು?

* ಮಧುಮೇಹದಿಂದ ಪಾದ ಜೋಮು ಹಿಡಿದವರು, ಹಿಂದೆ ಪಾದದಲ್ಲಿ ಹುಣ್ಣಾಗಿದ್ದವರು
* ಸಂಧಿವಾತದಿಂದ ಪಾದ, ಬೆರಳುಗಳ ಆಕಾರ ಬದಲಾದವರು
* ಪಾದದ ಕಮಾನು ತೀರಾ ಎತ್ತರವಿದ್ದು ನೋವಿರುವವರು
* ಗಡುಸಾದ ಚಪ್ಪಟೆ ಪಾದ, ಬೆರಳು ಅಥವಾ ಪಾದದ ಭಾಗ ಕಳೆದುಕೊಂಡವರು

ಇವರಲ್ಲಿ ಹೆಚ್ಚು ಎಚ್ಚರ ಬೇಕಿರುವುದು ಮಧುಮೇಹಿಗಳಿಗೆ. ಶೂ ಒಳಗೆ ಇನ್‌ಸೋಲ್ ಅಂಚು ಉಜ್ಜುತ್ತಿದ್ದರೆ ಉಳಿದವರಿಗೆ ಕೂಡಲೇ ಗೊತ್ತಾಗುತ್ತದೆ. ಸ್ಪರ್ಶಜ್ಞಾನ ಇಲ್ಲದವರಿಗೆ ಗೊತ್ತಾಗುವುದೇ ಇಲ್ಲ. ಗುಳ್ಳೆ ಹುಣ್ಣಾಗಿ, ಸೋಂಕು ತಗುಲಿ, ಕೊನೆಗೆ ಬೆರಳು ಅಥವಾ ಕಾಲನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ದಪ್ಪ ಇನ್‌ಸೋಲ್ ಹಾಕಿದರೆ ಶೂ ಬಿಗಿಯಾಗುವುದರಿಂದ ಈ ಅಪಾಯ ಹೆಚ್ಚು. ಹಾಗಾಗಿ ವೈದ್ಯರು 10 ಗ್ರಾಂ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಪಾದದ ಸ್ಪರ್ಶಜ್ಞಾನ ಪರೀಕ್ಷಿಸಿದ ನಂತರವೇ ಇನ್‌ಸೋಲ್ ಆಯ್ಕೆ ಮಾಡಿ. ಇಂತಹ ಪಾದಗಳಿಗೆಂದೇ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿಗಳು ನಮ್ಮಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿವೆ.

ರೆಡಿಮೇಡ್ ಕೊಳ್ಳುವಾಗ

* ಶೂ ತೆಗೆದುಕೊಂಡೇ ಹೋಗಿ. ಒಳಗಿರುವ ಹಳೆಯ ಇನ್‌ಸೋಲ್ ತೆಗೆದು ಹೊಸದನ್ನು ಹಾಕಿ ನಡೆದು ನೋಡಿ. ಬೆರಳು ಒತ್ತಬಾರದು, ಹಿಮ್ಮಡಿ ಮೇಲಕ್ಕೆ ಜಾರಬಾರದು.
* ಬೆರಳಿನಿಂದ ಒತ್ತಿದರೆ ಪೂರ್ತಿ ಕುಸಿಯುವ ಇನ್‌ಸೋಲ್ ಕಮಾನಿಗೆ ಆಸರೆ ಕೊಡುವುದಿಲ್ಲ.
* ಮೊದಲ ದಿನ ಒಂದೆರಡು ಗಂಟೆ ಮಾತ್ರ ಬಳಸಿ, ನಂತರ ನಿಧಾನವಾಗಿ ಹೆಚ್ಚಿಸಿ.
* ಸವೆದ ಶೂಗೆ ಹೊಸ ಇನ್‌ಸೋಲ್ ಹಾಕಿ ಪ್ರಯೋಜನವಿಲ್ಲ. ಮೊದಲು ಶೂ ಬದಲಿಸಿ.
* ಮೀನಖಂಡ ಮತ್ತು ಅಂಗಾಲಿನ ಸ್ಟ್ರೆಚಿಂಗ್ ದಿನವೂ ಮಾಡಿ.

ಇನ್ನೊಂದು ವಿಷಯ ಮರೆಯಬೇಡಿ. ಇನ್‌ಸೋಲ್ ಕೆಲಸ ಮಾಡುವುದು ಶೂ ಹಾಕಿಕೊಂಡಾಗ ಮಾತ್ರ. ದಿನವಿಡೀ ಚಪ್ಪಲಿಯಲ್ಲಿ ಓಡಾಡಿ, ಮನೆಯಲ್ಲಿ ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಂತು ಅಡುಗೆ ಮಾಡುವವರು ಸಾವಿರಾರು ರೂಪಾಯಿ ಕೊಟ್ಟು ಶೂಗೆ ಆರ್ಥೋಟಿಕ್ಸ್ ಮಾಡಿಸಿದರೆ ಹೆಚ್ಚು ಲಾಭವಿಲ್ಲ. ಅಂಥವರಿಗೆ ಕಮಾನಿಗೆ ಆಸರೆ ಇರುವ ಒಳ್ಳೆಯ ಚಪ್ಪಲಿ, ಮನೆಯೊಳಗೆ ಹಾಕಲು ಇನ್ನೊಂದು ಜೊತೆ ಹೆಚ್ಚು ಉಪಯುಕ್ತ.

ಹಣ ಕೊಡುವ ಮುನ್ನ ಕೇಳಿ

ಆರು ವಾರವಾದರೂ ನೋವು ತಗ್ಗದಿದ್ದರೆ ಮೂಳೆ ತಜ್ಞರು ಅಥವಾ ಫಿಸಿಕಲ್ ಮೆಡಿಸಿನ್ ವೈದ್ಯರನ್ನು ಕಾಣಿ. ಊತ, ಜ್ವರ, ರಾತ್ರಿ ಹೊತ್ತೂ ಬಿಡದ ನೋವು, ಮರಗಟ್ಟುವಿಕೆ, ಪೆಟ್ಟು ಬಿದ್ದು ಕಾಲೂರಲು ಆಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಅಷ್ಟು ದಿನ ಕಾಯಬೇಡಿ.

ಕಸ್ಟಮ್ ಮಾಡಿಸಲು ಹೇಳಿದರೆ ಈ ಪ್ರಶ್ನೆ ಕೇಳಿ: ನನಗೆ ರೆಡಿಮೇಡ್ ಯಾಕೆ ಸಾಲದು? ನನ್ನದೇ ಅಚ್ಚಿನಿಂದ ಮಾಡುತ್ತೀರಾ? ಒತ್ತಿದರೆ ಉಚಿತವಾಗಿ ಸರಿಪಡಿಸಿ ಕೊಡುತ್ತೀರಾ? ಮಾಡಿಕೊಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಆರ್ಥೋಟಿಸ್ಟ್ ಆಗಿದ್ದಾರಾ?

ಖಾಸಗಿ ಕ್ಲಿನಿಕ್ ದುಬಾರಿ ಎನಿಸಿದರೆ ಸರ್ಕಾರಿ ಸಂಸ್ಥೆಗಳಲ್ಲಿ ವಿಚಾರಿಸಬಹುದು. ಮುಂಬೈ ಹಾಜಿ ಅಲಿಯ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ, ದೆಹಲಿಯ ಪಂಡಿತ್ ದೀನದಯಾಳ್ ಉಪಾಧ್ಯಾಯ ಅಂಗವಿಕಲರ ರಾಷ್ಟ್ರೀಯ ಸಂಸ್ಥೆ, ಚೆನ್ನೈ ಕೆ.ಕೆ. ನಗರದ ಸರ್ಕಾರಿ ಪುನರ್ವಸತಿ ವೈದ್ಯಕೀಯ ಸಂಸ್ಥೆಗಳಲ್ಲಿ ಆರ್ಥೋಟಿಕ್ಸ್ ವಿಭಾಗಗಳಿವೆ. ಹೋಗುವಾಗ ದಿನವೂ ಹಾಕುವ ಶೂ, ಚಪ್ಪಲಿ ಎರಡನ್ನೂ ಜೊತೆಗೊಯ್ಯಿರಿ. ಅಡಿ ಎಲ್ಲಿ ಸವೆದಿದೆ ಎಂಬುದನ್ನು ನೋಡಿಯೇ ತಜ್ಞರಿಗೆ ನಿಮ್ಮ ನಡಿಗೆಯ ಬಗ್ಗೆ ಸಾಕಷ್ಟು ತಿಳಿಯುತ್ತದೆ.