ಸಂವರಣಿ: ಮುಚ್ಚುವ ವಳಿಯ ಚರಿತ್ರೆ

ವೆಸ್ಟ್ ಮಾಂಬಲಂನ ಅಯೋಧ್ಯಾ ಮಂಟಪದವರೆಗೆ ಪ್ರತಿ ಸಂಜೆ ನಮ್ಮ ಜೊತೆ ನಡೆಯುತ್ತಿದ್ದ ಹಿರಿಯರೊಬ್ಬರು ಭಗಂದರದ ಶಸ್ತ್ರಕ್ರಿಯೆಯಾದ ಮೇಲೆ ಹೊರಗೆ ಬರುವುದನ್ನೇ ಬಿಟ್ಟರು. ಗಾಯ ಮಾಗಿತ್ತು, ಮಲದ ಮೇಲಿನ ಹಿಡಿತ ತಪ್ಪಿತ್ತು. ಮನೆಯವರಿಗೆ ಮಂಡಿನೋವೆಂದು ಹೇಳಿದ್ದರು. "ಇದು ಹಾಸಿಗೆ ಹಿಡಿದವರಿಗೆ ಬರುವುದಲ್ಲವೇ? ನಡೆದಾಡುವ ಗಂಡಸು ಯಾರಿಗೆ ಹೇಳಲಿ?" ಎಂದು ಒಂದು ದಿನ ನಮ್ಮನ್ನು ಕೇಳಿದರು. ಆ ಪ್ರಶ್ನೆಯೇ ನಮ್ಮನ್ನು ಹಳೆಯ ಗ್ರಂಥಗಳತ್ತ ಕಳಿಸಿತು.

ಸುಶ್ರುತಸಂಹಿತೆಯು ಗುದವನ್ನು ನಾಲ್ಕೂವರೆ ಅಂಗುಲವೆಂದು ಅಳೆದು, ಅಲ್ಲಿ ಮೂರು ವಳಿಗಳನ್ನು ಗುರುತಿಸುತ್ತದೆ: ತಳ್ಳುವ ಪ್ರವಾಹಣಿ, ಬಿಡುವ ವಿಸರ್ಜನಿ, ಮುಚ್ಚುವ ಸಂವರಣಿ. ಇವನ್ನು ಇಂದಿನ ಅಂಗರಚನಾಶಾಸ್ತ್ರದೊಡನೆ ಒಂದಕ್ಕೊಂದು ಹೊಂದಿಸಿ ಹೆಮ್ಮೆಪಡುವ ಉತ್ಸಾಹ ನಮಗಿಲ್ಲ. ಆದರೆ ಮುಚ್ಚಿಕೊಂಡಿರುವುದೂ ದೇಹದ ಒಂದು ಕೆಲಸವೆಂದು ಕಂಡು ಅದಕ್ಕೆ ಹೆಸರಿಟ್ಟದ್ದು ಸಣ್ಣ ಸಂಗತಿಯಲ್ಲ. ಗುದವನ್ನು ಮರ್ಮಗಳಲ್ಲಿ ಎಣಿಸಿದ್ದೂ ಭಗಂದರವನ್ನು ಎಂಟು ಮಹಾರೋಗಗಳಲ್ಲಿ ಸೇರಿಸಿದ್ದೂ ಅದೇ ಗ್ರಂಥ.

ಭಗಂದರವೆಂದರೆ ಗುದನಾಳದ ಒಳಗಿನಿಂದ ಹೊರಚರ್ಮದವರೆಗೆ ಕೀವು ಕೊರೆದ ಸುರಂಗ. ಅದು ಮುಚ್ಚುವ ಸ್ನಾಯುವನ್ನು ತೂರಿ ಹೋಗಿದ್ದರೆ, ಸುರಂಗವನ್ನು ಸೀಳುವಾಗ ಸ್ನಾಯುವೂ ಸೀಳುತ್ತದೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೆ 1686ರ ನವೆಂಬರ್ 18ರಂದು ಇದೇ ಶಸ್ತ್ರಕ್ರಿಯೆಯಾಯಿತು. ವೈದ್ಯ ಫೆಲಿಕ್ಸ್ ಅದಕ್ಕೆ ಮುನ್ನ ಬಡರೋಗಿಗಳ ಮೇಲೆ ಕೈ ಪಳಗಿಸಿಕೊಂಡಿದ್ದ. ಅರಸ ಚೇತರಿಸಿಕೊಂಡ, ಅರಸನ ಹೆಸರು ಉಳಿಯಿತು, ಆ ಬಡವರದಲ್ಲ.

ನಮ್ಮಲ್ಲಿ ಇನ್ನೊಂದು ದಾರಿಯಿತ್ತು. ಕೃಶರಿಗೂ ಅಂಜುವವರಿಗೂ ಕತ್ತಿಯ ಬದಲು ಕ್ಷಾರಸೂತ್ರವೆಂದಿತು ಸುಶ್ರುತಸಂಹಿತೆ. ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಸಿನ ಲೇಪಿಸಿದ ದಾರವದು. ನಿಧಾನವಾಗಿ ಕೊಯ್ಯುತ್ತದೆ, ಕೊಯ್ದ ಹಿಂದೆಯೇ ಗಾಯ ಕೂಡಿಕೊಳ್ಳುತ್ತ ಬರುವುದರಿಂದ ಸ್ನಾಯುವಿನ ತುದಿಗಳು ದೂರ ಸರಿಯುವುದಿಲ್ಲ. 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪಿ. ಜೆ. ದೇಶಪಾಂಡೆ ಮತ್ತು ಸಂಗಡಿಗರು ಇದಕ್ಕೆ ಮರುಜೀವ ಕೊಟ್ಟರು. 1991ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆಯಲ್ಲಿ ದಾರದಿಂದ ಮಾಗಲು ಸುಮಾರು 8 ವಾರ, ಶಸ್ತ್ರದಿಂದ 4 ವಾರ ಹಿಡಿಯಿತು. ರೋಗ ಮರುಕಳಿಸಿದ್ದು ಕ್ರಮವಾಗಿ 4 ಮತ್ತು 11 ಶೇಕಡ ರೋಗಿಗಳಲ್ಲಿ. ದಾರವೂ ಅಪಾಯವಿಲ್ಲದ್ದಲ್ಲ, ಪಳಗಿದ ಕೈ ಬೇಕು.

ಹಿರಿಯರನ್ನು ನಾವೇ ತಜ್ಞರ ಬಳಿ ಕರೆದೊಯ್ದೆವು. ಸ್ನಾಯುವಿನ ಪರೀಕ್ಷೆಯಾಯಿತು. ದಿನಕ್ಕೆ ಹಲವು ಬಾರಿ ಗುದವನ್ನು ಬಿಗಿಹಿಡಿದು ಬಿಡುವ ವ್ಯಾಯಾಮ, ಮಲವನ್ನು ಗಟ್ಟಿಗೊಳಿಸುವ ನಾರಿನಂಶದ ಆಹಾರ, ನಿಗದಿತ ವೇಳೆಗೆ ಕಕ್ಕಸಿಗೆ ಹೋಗುವ ಅಭ್ಯಾಸ, ಬೇಕಾದಾಗ ಔಷಧ. ಪೂರ್ತಿ ಗುಣವಾಗಿಲ್ಲ. ಆದರೂ ಈಗ ಸಂಜೆ ಬರುತ್ತಾರೆ, ಕೈಚೀಲದಲ್ಲಿ ಮಡಿಸಿಟ್ಟ ಇನ್ನೊಂದು ಪಂಚೆಯೊಡನೆ.