ಡಿಸೆಂಬರ್ ರಾತ್ರಿಗಳು ಮತ್ತು ಹಾನಗಲ್ಲಿನ ಹೆಸರು

ಡಿಸೆಂಬರ್ ಬಂತೆಂದರೆ ಬೆಂಗಳೂರಿಗೆ ಒಂಥರಾ ಜ್ವರ ಬರುತ್ತೆ. ಬ್ರಿಗೇಡ್ ರೋಡಿಗೆ ದೀಪದ ಸರ, ಆಫೀಸುಗಳಲ್ಲಿ ಕ್ರಿಸ್‌ಮಸ್ ರಜೆ, ಹೊಸ ಜಾಕೆಟ್ಟು, ಹೊಸ ಬೂಟು. 'ಥರ್ಟಿಫಸ್ಟ್ ನೈಟ್ ಎಲ್ಲಿ ಗುರೂ?' ಅನ್ನೋದು ಇಪ್ಪತ್ತನೇ ತಾರೀಖಿನಿಂದಲೇ ಶುರು. ನಾನು ಶಿಗ್ಗಾಂವಿ ಕಡೆಯವನು ಅಂತ ಗೊತ್ತಾದ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳ್ತಾರೆ: 'ನಿಮ್ಮೂರ ಕಡೆ ಎಂಟು ಗಂಟೆಗೇ ಬಾಗಿಲು ಹಾಕಿ ಮಲಗಿಬಿಡ್ತಾರಲ್ವಾ?'

ಮಲಗ್ತಾರೆ, ಇಲ್ಲ ಅನ್ನಲ್ಲ. ಆದರೆ ನಗರದ ಚಳಿಗಾಲದ ರಾತ್ರಿಗೆ ಹಾಡು ಕೊಟ್ಟವರಲ್ಲಿ, ಹೆಸರು ಕೊಟ್ಟವರಲ್ಲಿ ನಮ್ಮ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನವರೂ ಇದ್ದಾರೆ ಅನ್ನೋದು ಬೆಂಗಳೂರಿಗೆ ಮರೆತುಹೋಗಿದೆ. ನಮಗೇ ಮರೆತುಹೋಗಿದೆ ಅಂದರೂ ತಪ್ಪಿಲ್ಲ. ಆ ಇತಿಹಾಸ ಓದುತ್ತಾ ಹೋದ ಹಾಗೆ ನನಗೆ ಕಂಡದ್ದು ಒಂದೇ ಮಾತು. ನಗರ ರಾತ್ರಿಯ ಹಾಡನ್ನು ಬೇಗ ಒಪ್ಪಿಕೊಳ್ಳುತ್ತೆ, ರಾತ್ರಿ ಹಾಡುವ ಹೆಣ್ಣನ್ನು ಒಪ್ಪಿಕೊಳ್ಳೋಕೆ ಬಹಳ ಹೊತ್ತು ತಗೊಳ್ಳುತ್ತೆ.

ಮೊದಲು ಊರುಗಳ ಪರಿಚಯ. ಈ ನಾಲ್ಕೂ ಈಗ ಹಾವೇರಿ ಜಿಲ್ಲೆಯ ತಾಲ್ಲೂಕುಗಳು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಮುಂಚೆ ಎಲ್ಲಾ ಧಾರವಾಡ ಜಿಲ್ಲೆಯೇ. ಸವಣೂರಿನದು ಮಾತ್ರ ಬೇರೆ ಕತೆ, 1948ರವರೆಗೂ ಅದು ನವಾಬರ ಸಂಸ್ಥಾನ. ಅಲ್ಲಿಯ ವೀಳ್ಯದೆಲೆಯ ಹೆಸರು ಗೊತ್ತಲ್ಲ? ನಾಟಕದ ಥೇಟರಿನ ಹೊರಗೆ, ಗಾಯನದ ಬೈಠಕ್ಕಿನ ಒಳಗೆ, ರಾತ್ರಿ ಎಚ್ಚರ ಇರುವವರ ಬಾಯಿ ಕೆಂಪಗಿರುತ್ತಿದ್ದುದು ಎಲೆ ಅಡಿಕೆಯಿಂದಲೇ. ಈಗಿನವರಿಗೆ ಕಾಫಿ ಇದ್ದ ಹಾಗೆ ಅನ್ನಿ.

ಇನ್ನು ಹಿರೇಕೆರೂರು. ಈ ತಾಲ್ಲೂಕಿನ ಸಾತೇನಹಳ್ಳಿಯಲ್ಲಿ 1856ರಲ್ಲಿ ಸಕ್ಕರಿ ಬಾಳಾಚಾರ್ಯ ಹುಟ್ಟಿದರು. 'ಶಾಂತಕವಿ' ಅಂದರೆ ಹೆಚ್ಚು ಜನಕ್ಕೆ ಗೊತ್ತು. ಆ ಕಾಲದಲ್ಲಿ ಧಾರವಾಡ ಸೀಮೆ ಮುಂಬಯಿ ಆಡಳಿತದಲ್ಲಿತ್ತು. ಶಾಲೆ, ಕಚೇರಿ, ನಾಟಕ ಎಲ್ಲದರಲ್ಲೂ ಮರಾಠಿಯದೇ ಜೋರು. ಮರಾಠಿ ಕಂಪನಿಗಳು ನಮ್ಮ ಊರುಗಳಿಗೆ ಬಂದು ಕ್ಯಾಂಪ್ ಹಾಕುತ್ತಿದ್ದವು. ನಮ್ಮವರು ಕಾಸು ಕೊಟ್ಟು, ಅರ್ಥವಾದಷ್ಟು ಅರ್ಥ ಮಾಡಿಕೊಂಡು ನೋಡಿ ಬರುತ್ತಿದ್ದರು. ಮಾಸ್ತರಿಕೆ ಮಾಡುತ್ತಿದ್ದ ಶಾಂತಕವಿಗಳಿಗೆ ಇದು ಸಹಿಸಲಿಲ್ಲ. 1870ರ ದಶಕದಲ್ಲಿ 'ಉಷಾಹರಣ' ಬರೆದು ಗದುಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. (ಕೃತಪುರ ಅಂದರೆ ಗದಗಿನ ಹಳೇ ಹೆಸರು.) ಉತ್ತರ ಕರ್ನಾಟಕದ ಕಂಪನಿ ನಾಟಕಗಳ ದೊಡ್ಡ ಪರಂಪರೆಗೆ ಅಡಿಪಾಯ ಬಿದ್ದದ್ದು ಹೀಗೆ.

ಕಂಪನಿ ನಾಟಕ ಅಂದರೆ ಅದೇ ಆಗಿನ ನೈಟ್ ಲೈಫು ಸ್ವಾಮಿ! ಊಟ ಮುಗಿಸಿ ಚಾಪೆ, ಕಂಬಳಿ ಹೊತ್ತುಕೊಂಡು ಹೋದರೆ ನಾಟಕ ಮುಗಿಯುವ ಹೊತ್ತಿಗೆ ಕೋಳಿ ಕೂಗಬೇಕು. ಸುಗ್ಗಿಯ ದುಡ್ಡು ಕೈಗೆ ಬರುವ, ಜಾತ್ರೆಗಳು ಶುರುವಾಗುವ ಚಳಿಗಾಲವೇ ಅದರ ಸೀಸನ್ನು. ಈಗಲೂ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ, ನಾಟಕದ ಥೇಟರುಗಳು ಸಾಲಾಗಿ ನಿಂತಿರುತ್ತವೆ.

ಆ ರಂಗದ ಮೇಲೆ ಬಹಳ ಕಾಲ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಫ್ಯಾಶನ್ ವಿಷಯ ಬರೋದು ಇಲ್ಲೇ. ಮರಾಠಿ ರಂಗದ ಬಾಲಗಂಧರ್ವರು (1888–1967) ಸೀರೆ ಉಟ್ಟ ರೀತಿ, ಮೂಗಿಗೆ ಇಟ್ಟ ನತ್ತು, ಮುಡಿಗೆ ಸುತ್ತಿದ ಹೂವು... ಇವನ್ನು ನೋಡಿ ಮನೆಗೆ ಹೋಗಿ ಹಾಗೇ ಉಡುವ ಹೆಂಗಸರು ಪುಣೆ ಮುಂಬಯಿಯಲ್ಲಿ ತುಂಬಿದ್ದರಂತೆ. ಅಂದರೆ, ಹೆಣ್ಣು ಹೇಗೆ ಉಡಬೇಕು ಅಂತ ಇಡೀ ಪ್ರಾಂತ್ಯಕ್ಕೆ ಕಲಿಸಿದ್ದು ಒಬ್ಬ ಗಂಡಸು! ನಮ್ಮ ಕಡೆಯ ಕುಂದಗೋಳದ ರಾಮಭಾವು ಕೂಡ ಮರಾಠಿ ಕಂಪನಿಯಲ್ಲಿ ಸ್ತ್ರೀ ಪಾತ್ರ ಮಾಡಿ ಹೆಸರು ಮಾಡಿದವರು. ಅವರಿಗೆ ಸಿಕ್ಕ ಬಿರುದು 'ಸವಾಯಿ ಗಂಧರ್ವ'. ಇದನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಸೀರೆ ಉಟ್ಟು ರಾತ್ರಿ ಹಾಡಿದ ಗಂಡಸಿಗೆ ಬಿರುದು ಸಿಕ್ಕಿತು.

ಇನ್ನು ಕ್ರಿಸ್‌ಮಸ್ ರಜೆಯ ವಿಷಯ. ಕಾಂಗ್ರೆಸ್ಸಿನ ವಾರ್ಷಿಕ ಅಧಿವೇಶನ ಮೊದಲಿನಿಂದಲೂ ಡಿಸೆಂಬರಿನ ಕೊನೆಯ ವಾರದಲ್ಲೇ ನಡೆಯುತ್ತಿತ್ತು, ಯಾಕೆ ಗೊತ್ತಾ? ಬ್ರಿಟಿಷರ ಕೋರ್ಟು ಕಚೇರಿಗಳಿಗೆ ಆಗ ರಜೆ. ಕಾಂಗ್ರೆಸ್ಸಿನಲ್ಲಿ ತುಂಬಿದ್ದವರು ವಕೀಲರು. ಹಾಗಾಗಿ ಸಾಹೇಬರು ಕೇಕು ತಿನ್ನುವ ವಾರದಲ್ಲೇ ಇವರು ಸ್ವರಾಜ್ಯದ ಮಾತಾಡುತ್ತಿದ್ದರು. 1929ರ ಲಾಹೋರ್ ಅಧಿವೇಶನದಲ್ಲಿ, ಡಿಸೆಂಬರ್ ಚಳಿಗೆ ಹೆಚ್ಚಿನ ಬಟ್ಟೆ ಹೊಂದಿಸೋದು ಬಡವರಿಗೆ ಭಾರ ಅನ್ನುವ ಕಾರಣ ಕೊಟ್ಟು, ಅಧಿವೇಶನವನ್ನು ಫೆಬ್ರವರಿ-ಮಾರ್ಚಿಗೆ ಹಾಕಲು ಠರಾವು ಮಾಡಿದರು. ಬಟ್ಟೆಯ ಖರ್ಚಿಗಾಗಿ ಒಂದು ಪಕ್ಷ ಕ್ಯಾಲೆಂಡರನ್ನೇ ಬದಲಾಯಿಸಿದ್ದು ನನಗಂತೂ ಬಹಳ ಇಷ್ಟವಾದ ಸಂಗತಿ.

1924ರ ಡಿಸೆಂಬರಿನಲ್ಲಿ ಆ ರಜೆಯ ಜಾತ್ರೆ ಬೆಳಗಾವಿಗೆ ಬಂತು. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವ, ಬಯಲಿನಲ್ಲಿ ಎದ್ದ ಊರಿಗೆ ವಿಜಯನಗರ ಅಂತ ಹೆಸರು, ನೀರಿಗೆ ತೋಡಿದ ಬಾವಿಗೆ ಪಂಪಾ ಸರೋವರ ಅಂತ ಹೆಸರು. ಆ ವಾರದ ಫ್ಯಾಶನ್ ಖಾದಿ. ಫ್ಯಾಶನ್ ಅಷ್ಟೇ ಅಲ್ಲ, ನಿಯಮ ಕೂಡ. ಕಾಂಗ್ರೆಸ್ ಸದಸ್ಯನಾಗಬೇಕಾದರೆ ತಿಂಗಳಿಗೆ 2000 ಗಜ ನೂಲು ಕೊಡಬೇಕು ಅನ್ನುವ ಷರತ್ತಿಗೆ ಒಪ್ಪಿಗೆ ಸಿಕ್ಕಿದ್ದು ಅಲ್ಲೇ. ಇನ್ನು ಸಂಗೀತ. ಮೈಸೂರಿನಿಂದ ವೀಣೆ ಶೇಷಣ್ಣನವರು ಬಂದು ನುಡಿಸಿದರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು. ಹಾಡಿದವರಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿಯೂ ಇದ್ದಳು.

ಅವಳೇ ಗಂಗೂಬಾಯಿ ಹಾನಗಲ್.

ಎದುರಿಗೆ ಗಾಂಧೀಜಿ, ದೇಶದ ದೊಡ್ಡ ದೊಡ್ಡ ನಾಯಕರು. ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತು? ಮುಂದೆ ಅವರೇ ಹೇಳಿಕೊಂಡಿದ್ದಾರೆ. ಹಾಡಿನ ಚಿಂತೆ ಅಲ್ಲ, ಎಲ್ಲರ ಊಟವಾದ ಮೇಲೆ ಕೆಳಜಾತಿಯವಳು ಅಂತ ತನಗೆ ಎಂಜಲು ತೆಗೆಯೋಕೆ ಹೇಳ್ತಾರೇನೋ ಅನ್ನುವ ಭಯ. ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹಾಡುವ ಮನೆತನದ ಹೆಣ್ಣುಮಕ್ಕಳನ್ನು ಕರೆಸಿ ಹಾಡಿಸುವವರೆಲ್ಲ ಇದ್ದರು, ಮನೆಯೊಳಗೆ ಬಿಟ್ಟುಕೊಳ್ಳುವವರು ಕಡಿಮೆ. ಚಿಕ್ಕವಳಿದ್ದಾಗ ಪಕ್ಕದವರ ತೋಟದಲ್ಲಿ ಮಾವಿನಹಣ್ಣು ಕದ್ದಳಂತೆ. ಅವರಿಗೆ ಕೋಪ ಬಂದದ್ದು ಹಣ್ಣು ಹೋಯಿತು ಅಂತಲ್ಲ, ಹಾಡುವವರ ಮನೆ ಹುಡುಗಿ ತೋಟದೊಳಗೆ ಕಾಲಿಟ್ಟಳಲ್ಲ ಅಂತ. ಹುಬ್ಬಳ್ಳಿಗೆ ಬಂದ ಮೇಲೆ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡರು. ದಾರಿಯಲ್ಲಿ ಜನ ಆಡಿಕೊಳ್ಳುತ್ತಿದ್ದರು. ಗುರು ಯಾರು? ಅದೇ ಸವಾಯಿ ಗಂಧರ್ವರು! ಗುರುವಿನ ಬಗ್ಗೆ ಎಳ್ಳಷ್ಟೂ ಆಕ್ಷೇಪ ಇಲ್ಲ, ಅವರು ಕೈಬಿಚ್ಚಿ ಕಲಿಸಿದರು. ಆದರೆ ಊರಿನ ಕಣ್ಣು ನೋಡಿ. ಗಂಡಸು ವೇಷಕ್ಕೆ ಸೀರೆ ಉಟ್ಟು ಹಾಡಿದರೆ ಗಂಧರ್ವ, ಹೆಣ್ಣು ತನ್ನದೇ ಸೀರೆ ಉಟ್ಟು ಹಾಡಿದರೆ ಬೈಗುಳ.

1938ರಲ್ಲಿ ಕಲ್ಕತ್ತದ ಸಂಗೀತ ಸಮ್ಮೇಳನಕ್ಕೆ ಹೋದಾಗ ಆಡಂಬರವಿಲ್ಲದ ಈ ಸಣ್ಣ ಹುಡುಗಿಯನ್ನು ನೋಡಿ ಸಂಘಟಕರಿಗೆ ನಂಬಿಕೆಯೇ ಬರಲಿಲ್ಲ, ಹಿಂದಿನ ರಾತ್ರಿ ಹಾಡಿಸಿ ಪರೀಕ್ಷೆ ಮಾಡಿದರಂತೆ. ಅಲ್ಲೂ ಮೊದಲು ಕಂಡದ್ದು ಬಟ್ಟೆ, ಮೈಕಟ್ಟು. ಕಂಠ ಕೇಳಿದ್ದು ಆಮೇಲೆ.

ಹೆಸರಿನ ಮಾತಿಗೆ ಬರೋಣ. ತಂದೆ ಚಿಕ್ಕುರಾವ್ ನಾಡಗೀರ, ಗಂಡ ಗುರುರಾವ್ ಕೌಲಗಿ. ಎರಡೂ ಅಡ್ಡಹೆಸರು ಅವರಿಗೆ ಬರಲಿಲ್ಲ. ಬಂದದ್ದು ಹಿರಿಯರ ಊರಿನ ಹೆಸರು. ಗ್ರಾಮಫೋನ್ ಕಂಪನಿಯವರು ಮೊದಮೊದಲು 'ಗಾಂಧಾರಿ' ಅಂತ ಹಾಕಿದ್ದರು, ಕೊನೆಗೆ ಉಳಿದದ್ದು ಗಂಗೂಬಾಯಿ ಹಾನಗಲ್. ಕದಂಬರ ಕಾಲದಿಂದಲೂ ಇರುವ ಊರು ನಮ್ಮ ಹಾನಗಲ್ಲು, ತಾರಕೇಶ್ವರನ ಅಷ್ಟು ಚಂದದ ಗುಡಿ ಇದೆ. ಆದರೂ ದೆಹಲಿ, ಕಲ್ಕತ್ತದವರಿಗೆ ಆ ಊರಿನ ಹೆಸರು ಗೊತ್ತಾದದ್ದು ಈ ಹೆಣ್ಣುಮಗಳಿಂದ. ಗಂಡಸಾದರೆ ಮುಸ್ಲಿಮನಿಗೆ ಉಸ್ತಾದ್, ಹಿಂದೂವಿಗೆ ಪಂಡಿತ್, ಹೆಂಗಸು ಎಷ್ಟು ದೊಡ್ಡವಳಾದರೂ ಬರೀ 'ಬಾಯಿ' ಅಂತ ಅವರೇ ಹೇಳುತ್ತಿದ್ದರು.

ಗುರುಗಳು 1952ರಲ್ಲಿ ತೀರಿಕೊಂಡರು. ಮರುವರ್ಷದಿಂದ ಗುರುಬಂಧು ಭೀಮಸೇನ ಜೋಶಿಯವರ ಮುಂದಾಳತ್ವದಲ್ಲಿ ಪುಣೆಯಲ್ಲಿ ಸವಾಯಿ ಗಂಧರ್ವ ಉತ್ಸವ ಶುರುವಾಯಿತು. ಡಿಸೆಂಬರಿನ ಚಳಿ, ಶಾಲು, ಥರ್ಮಾಸಿನಲ್ಲಿ ಚಹಾ, ಬೆಳಗಿನವರೆಗೆ ಗಾಯನ. ಮರಾಠಿ ನಗರವೊಂದರ ಅತಿ ದೊಡ್ಡ ಚಳಿಗಾಲದ ಹಬ್ಬ ನಿಂತಿರುವುದು ಕುಂದಗೋಳದವರ ಹೆಸರಿನಲ್ಲಿ. ಹಾನಗಲ್ ಬಾಯಿ ಅಲ್ಲಿ ಎಷ್ಟೋ ವರ್ಷ ಹಾಡಿದರು. ಧ್ವನಿವರ್ಧಕದ ನಿಯಮಗಳು 2000ದಲ್ಲಿ ಬಂದ ಮೇಲೆ ರಾತ್ರಿಯಿಡೀ ಹಾಡುವ ಪದ್ಧತಿ ಅಲ್ಲೂ ಹೋಯಿತು. ಬೆಳಗಿನ ರಾಗಗಳನ್ನು ಬೆಳಗಿನಲ್ಲೇ ಕೇಳುವ ಆ ಸುಖ ಈಗ ಹಿರಿಯರ ಬಾಯಲ್ಲಿ ಮಾತ್ರ.

ನಾಲ್ಕನೇ ಊರು ನನ್ನದು, ಶಿಗ್ಗಾಂವಿ. ತಾಲ್ಲೂಕಿನ ಶಿಶುವಿನಹಾಳದ ಷರೀಫರು (1819–1889) ಬ್ರಾಹ್ಮಣ ಗುರು ಗೋವಿಂದಭಟ್ಟರ ಜೊತೆ ತಿರುಗಿ ಎರಡೂ ಕಡೆಯವರಿಂದ ಬೈಸಿಕೊಂಡವರು. ಅವರ ಗುಡುಗುಡಿಯ ಹಾಡನ್ನು ನಮ್ಮ ಕಡೆ ರಾತ್ರಿ ಭಜನೆಯಲ್ಲಿ ಏಕತಾರಿ, ದಮ್ಮಡಿಯ ಜೊತೆ ಕೇಳಿ ಬೆಳೆದವನು ನಾನು. ಅದೇ ಹಾಡನ್ನು ರಘು ದೀಕ್ಷಿತ್ 2008ರ ಆಲ್ಬಮ್ಮಿನಲ್ಲಿ ಗಿಟಾರಿಗೆ ಹಾಕಿದರು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ! ಬೆಂಗಳೂರಿನ ವೇದಿಕೆಗಳಿಂದ ಹೊರಟ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಹೋಯಿತು. ಜೀನ್ಸ್ ತೊಟ್ಟ ಹುಡುಗ ಹುಡುಗಿಯರು ಷರೀಫಜ್ಜನ ಹಾಡಿಗೆ ಕುಣಿಯೋದನ್ನು ನೋಡಿ ಕೆಲವರು ಮುಖ ಸಿಂಡರಿಸಿದರು. ನನಗೆ ಖುಷಿಯೇ ಆಯಿತು. ಅಜ್ಜನಿಗೂ ಬೇಜಾರಾಗುತ್ತಿರಲಿಲ್ಲ ಅನ್ನಿಸುತ್ತೆ.

ಆದರೆ ಹಳೇ ಕಣ್ಣು ಎಲ್ಲೂ ಹೋಗಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹೆಣ್ಣುಮಕ್ಕಳನ್ನು ಹೊಡೆದು ಅಟ್ಟಿದ್ದನ್ನು ಟೀವಿಯಲ್ಲಿ ನೋಡಿದೆವು. ಅದೇ ವರ್ಷ ಜುಲೈ 21ರಂದು ಗಂಗೂಬಾಯಿ ಹೋದರು. ಪದ್ಮವಿಭೂಷಣ ಕೊಟ್ಟ ದೇಶ ಸಕಲ ಗೌರವದಿಂದ ಕಳಿಸಿಕೊಟ್ಟಿತು. 2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಹಾಕಿದ ಸುದ್ದಿ ಬಂದಾಗ, ಆಗಿನ ಗೃಹ ಸಚಿವರು ಯುವಜನರ ಪಾಶ್ಚಾತ್ಯ ಉಡುಪಿನ ಮಾತು ತೆಗೆದರು.

ಉಡುಪು ಅಂತೆ! ಗಂಗೂಬಾಯಿ ಸೆರಗು ಹೊದ್ದು, ಹಣೆಗೆ ಕುಂಕುಮ ಇಟ್ಟು, ತಂಬೂರಿ ಹಿಡಿದು ಹೊರಟಾಗಲೂ ಈ ಜನ ಆಡಿಕೊಂಡಿದ್ದರಲ್ಲ. ಆಗ ಯಾವ ಪಾಶ್ಚಾತ್ಯ ಉಡುಪಿತ್ತು? ತೊಂದರೆ ಬಟ್ಟೆಯಲ್ಲಿಲ್ಲ, ರಾತ್ರಿ ಹೊತ್ತು ಹೆಣ್ಣು ತನ್ನ ಖುಷಿಗೋ, ಕೆಲಸಕ್ಕೋ ಹೊರಗೆ ಇದ್ದಾಳಲ್ಲ ಅನ್ನೋದರಲ್ಲಿದೆ. ನಮ್ಮ ನಾಲ್ಕು ಊರುಗಳ ಈ ಇತಿಹಾಸದಿಂದ ನನಗೆ ತಿಳಿದದ್ದು ಇಷ್ಟೇ.

ಈ ಸಲ ಡಿಸೆಂಬರಿನಲ್ಲಿ ಯಾರಾದರೂ 'ನಮ್ಮ ಸಂಸ್ಕೃತಿಯಲ್ಲಿ ರಾತ್ರಿ ಹಾಡು ಕುಣಿತ ಎಲ್ಲಿತ್ತು?' ಅಂತ ಶುರುಮಾಡಿದರೆ ಬನಶಂಕರಿ ಜಾತ್ರೆಗೆ ಕಳಿಸಿ. 'ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆ?' ಅಂದರೆ ಗಂಗೂಬಾಯಿಯವರ ಒಂದು ರೆಕಾರ್ಡ್ ಹಾಕಿ. ಅಂದಹಾಗೆ, ನಿಮ್ಮ ಊರ ಕಡೆಯ ಕಂಪನಿ ನಾಟಕ, ಬೆಳಗಿನವರೆಗಿನ ಸಂಗೀತದ ನೆನಪುಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿ. ಅದರಲ್ಲೂ ಹಾಡುತ್ತಿದ್ದ ಹೆಂಗಸರ ಹೆಸರುಗಳನ್ನು. ಅವನ್ನು ಬರೆದಿಟ್ಟವರು ಬಹಳ ಕಡಿಮೆ.