ಹಳಿಯ ಮೇಲೆ ಬಂದ ಮೀಟರ್

ಮೀಟರ್ ಎಂಬ ಅಳತೆ ದಾವಣಗೆರೆ-ಹರಿಹರ ಸೀಮೆಗೆ ಬಂದದ್ದು ಬಟ್ಟೆ ಅಂಗಡಿಯ ಮೂಲಕವಲ್ಲ, ರೈಲು ಹಳಿಯ ಮೂಲಕ. ಗುಬ್ಬಿ-ಹರಿಹರ ಮಾರ್ಗ 1889ರಲ್ಲಿ ಆರಂಭವಾದಾಗ ಎರಡು ಹಳಿಗಳ ನಡುವಿನ ಅಂತರ ಒಂದು ಮೀಟರ್ ಇತ್ತು. ಆದರೆ ಹಳಿಯ ಆಚೀಚಿನ ಜನ ಗೇಣು, ಮೊಳ, ಮಾರುಗಳಲ್ಲಿ ಅಳೆಯುತ್ತಿದ್ದರು. ಸರಕಾರಿ ಲೆಕ್ಕ ಅಂಗುಲ, ಅಡಿ, ಗಜಗಳಲ್ಲಿ ನಡೆಯುತ್ತಿತ್ತು.

ಬ್ರಿಟಿಷರ ಆಳ್ವಿಕೆಯಲ್ಲಿ ಫ್ರೆಂಚರ ಅಳತೆ ಹೇಗೆ ಬಂತು? ಐದೂವರೆ ಅಡಿ ಅಗಲದ ಬ್ರಾಡ್‌ಗೇಜ್ ದುಬಾರಿಯೆನಿಸಿದಾಗ, ಲಾರ್ಡ್ ಮೇಯೋ ವೈಸ್‌ರಾಯ್ ಆಗಿದ್ದ ಕಾಲದಲ್ಲಿ 3 ಅಡಿ 3 ಅಂಗುಲದ ಕಿರಿದಾದ ಹಳಿ ಹಾಕುವ ವಿಚಾರ ಬಂತು. ಭಾರತದಲ್ಲಿ ಮೆಟ್ರಿಕ್ ಪದ್ಧತಿ ಜಾರಿಯಾಗುವ ನಿರೀಕ್ಷೆ ಆಗ ಇದ್ದುದರಿಂದ ಆ ಅಳತೆಯನ್ನು ಸ್ವಲ್ಪ ಹಿಗ್ಗಿಸಿ ಪೂರ್ತಿ ಒಂದು ಮೀಟರ್ ಮಾಡಲಾಯಿತು. ಹೆಚ್ಚಿದ್ದು ಅರ್ಧ ಅಂಗುಲಕ್ಕಿಂತ ಕಡಿಮೆ. ಆದರೆ 1871ರ ತೂಕ-ಅಳತೆ ಕಾಯಿದೆ ಜಾರಿಗೆ ಬರಲೇ ಇಲ್ಲ. ಕಾನೂನು ಕಡತದಲ್ಲಿ ಉಳಿಯಿತು, ಮೀಟರ್ ನೆಲದ ಮೇಲೆ ಉಳಿಯಿತು.

ಜನಸಾಮಾನ್ಯರ ಕೈಗೆ ಅದು ಸಿಕ್ಕಲು ಇನ್ನೂ 85 ವರ್ಷ ಬೇಕಾಯಿತು. 1956ರ ಕಾಯಿದೆಯ ಮೇರೆಗೆ 1958ರಿಂದ ಹಂತಹಂತವಾಗಿ ದಶಮಾನ ಪದ್ಧತಿ ಬಂತು. ಅದರ ಅನುಕೂಲ ಲೆಕ್ಕ ಮಾಡಿದರೆ ತಿಳಿಯುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಅಂದರೆ 14,000 ಮೀಟರ್, 14 ಲಕ್ಷ ಸೆಂಟಿಮೀಟರ್, 1 ಕೋಟಿ 40 ಲಕ್ಷ ಮಿಲಿಮೀಟರ್. ಸೊನ್ನೆ ಸೇರಿಸಿದರೆ ಆಯಿತು. ಮೈಲಿಯನ್ನು ಅಂಗುಲ ಮಾಡಬೇಕಾದರೆ 63,360ರಿಂದ ಗುಣಿಸಬೇಕು!

ಕಾರ್ಖಾನೆಯಲ್ಲಿ ಮಾತ್ರ ಬದಲಾವಣೆ ಇಷ್ಟು ಸಲೀಸಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಲೇತ್‌ಗಳು ಒಂದು ಕಾಲಕ್ಕೆ ಹೆಸರಾಗಿದ್ದವು. ಅಂಗುಲದ ಲೆಕ್ಕದಲ್ಲಿ ತಯಾರಾದ ಯಾವುದೇ ಲೇತ್‌ನಲ್ಲಿ ಮಿಲಿಮೀಟರ್ ಲೆಕ್ಕದ ಥ್ರೆಡ್ ಕೊರೆಯಲು 127 ಹಲ್ಲಿನ ಚಕ್ರ ಬಳಸುವುದು ವಾಡಿಕೆ. ಏಕೆ 127? ಒಂದು ಅಂಗುಲಕ್ಕೆ 25.4 ಮಿಲಿಮೀಟರ್, ಐದು ಅಂಗುಲಕ್ಕೆ ಸರಿಯಾಗಿ 127. ಎರಡು ಪದ್ಧತಿಗಳೂ ಭಿನ್ನರಾಶಿಯಿಲ್ಲದೆ ಮೊದಲು ಕೂಡುವ ಜಾಗ ಅದು.

ರೈಲಿಗೆ ಅಂಥ ಚಕ್ರ ಇರಲಿಲ್ಲ. ಹರಿಹರದ ಕಡೆಯ ಮೀಟರ್‌ಗೇಜ್ ವ್ಯಾಗನ್ನು ಬೆಂಗಳೂರು-ಮದರಾಸು ಬ್ರಾಡ್‌ಗೇಜ್ ಹಳಿಯ ಮೇಲೆ ಓಡದು. ಮುಂದೆ ಹೋಗುವ ಸರಕನ್ನು ಇಳಿಸಿ ಬೇರೆ ವ್ಯಾಗನ್ನಿಗೆ ತುಂಬಬೇಕಿತ್ತು. ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಗೆ ಇದು ಸಣ್ಣ ತೊಡಕಲ್ಲ. ಹಮಾಲಿಯ ಖರ್ಚು, ತಡ, ನಷ್ಟ ಎಲ್ಲವೂ ಅಗಲದ ವ್ಯತ್ಯಾಸಕ್ಕೆ ತೆತ್ತ ಬೆಲೆ.

1992ರಲ್ಲಿ ಆರಂಭವಾದ ಏಕರೂಪ ಗೇಜ್ ಯೋಜನೆಯಡಿ ಈ ಮಾರ್ಗವೂ ಬ್ರಾಡ್‌ಗೇಜ್ ಆಯಿತು. ಈಗಿನ ಅಗಲ 1,676 ಮಿಲಿಮೀಟರ್. ಈ ವಿಚಿತ್ರ ಸಂಖ್ಯೆ ಹಳೆಯ ಐದೂವರೆ ಅಡಿಯದೇ ಮೆಟ್ರಿಕ್ ರೂಪ. ದೇಶ ಮೀಟರ್ ಒಪ್ಪಿಕೊಂಡ ಮೇಲೆ ಮೀಟರ್ ಹಳಿಯೇ ಹೋಯಿತು. ಇತ್ತ ಊರಿನಲ್ಲಿ ಬಟ್ಟೆ ಮೀಟರ್‌ಗೆ ಬಂದರೂ ನಿವೇಶನ ಇನ್ನೂ 30-40 ಅಡಿಯದೇ. ಕಾಗದದ ಮೇಲೆ ಅಳತೆ ಬದಲಿಸಲು ಒಂದು ದಶಾಂಶ ಬಿಂದು ಸಾಕು. ನೆಲದ ಮೇಲೆ ಅದಕ್ಕೆ ಶತಮಾನವೇ ಹಿಡಿಯುತ್ತದೆ.